ಹಕ್ಕಿಯ ಕಾಲಿಗೆ ಉಂಗುರ ತೊಡಿಸಿದ ಜ್ವರ

ನಾನಿರೋದು ಕೆ.ಆರ್.ಪುರದ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ. ಒಂದು ಜನವರಿಯಲ್ಲಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಪಾರಿವಾಳದ ವಿಷಯಕ್ಕೆ ದೊಡ್ಡ ಗಲಾಟೆ ಆಯ್ತು. ಟೆರೇಸಿನಲ್ಲಿ ಯಾರೋ ಕಾಳು ಹಾಕ್ತಿದಾರೆ, ಹಕ್ಕಿ ಅಂದ್ರೆ ವೈರಸ್, ಮಕ್ಕಳಿರೋ ಜಾಗ, ಎಲ್ಲ ಬಾಲ್ಕನಿಗೂ ಬಲೆ ಹಾಕಿಸಿ ಅಂತ ಒಬ್ಬರು. ಹಲಸೂರು ಕೆರೆ ಕಡೆ ವಾಕಿಂಗ್ ಹೋಗೋದನ್ನೇ ಬಿಟ್ಟಿದೀನಿ, ಅಲ್ಲೂ ಬರೀ ಹಕ್ಕಿ ಅಂತ ಇನ್ನೊಬ್ಬರು. ನಾನು ಬಲೆಯ ಕೊಟೇಶನ್ ನೋಡ್ತಾ ಕೂತಿರುವಾಗ ಊರಿಂದ ಅಮ್ಮನ ಫೋನ್ ಬಂತು.

"ಅಪ್ಪೀ, ಸೊಪ್ಪಿನ ಬೆಟ್ಟದ ಕೆಳಗೆ ಒಂದು ಮುಸಿಯ ಸತ್ತು ಬಿದ್ದಿದ್ಯಂತೆ. ಆರೋಗ್ಯ ಇಲಾಖೆಯವರು ಬಂದು ನೋಡ್ಕಂಡು ಹೋದ್ರು. ಈ ಸಲ ನೀವು ಬಂದ್ರೂ ಮಗುನ ತೋಟದಾಚೆ ಬಿಡೋದು ಬೇಡ."

ನಮ್ಮೂರು ಸಾಗರ ತಾಲೂಕಿನಲ್ಲಿ. ನಮ್ಮ ಕಡೆಯವರಿಗೆ ಸತ್ತ ಮಂಗ ಅಂದ್ರೆ ಏನು ಅಂತ ವಿವರಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಗೆಳೆಯರಿಗೆ ಹೇಳಬೇಕಾಗುತ್ತೆ. ಹೇಳೋಕೆ ಹೋದಾಗಲೆಲ್ಲ ನನಗೆ ಒಂದು ವಿಷಯ ನೆನಪಾಗುತ್ತೆ: ಈ ಮಂಗನ ಕಾಯಿಲೆಯ ಕತೆಯಲ್ಲೂ ಹಕ್ಕಿಯನ್ನ ಆರೋಪಿ ಸ್ಥಾನದಲ್ಲಿ ನಿಲ್ಲಿಸಿದ್ದರು. ಅದೂ ಸಾಮಾನ್ಯ ಆರೋಪ ಅಲ್ಲ. ಸೈಬೀರಿಯಾದಿಂದ ಹೊಸ ವೈರಸ್ ಹೊತ್ತು ತಂದು ಶಿವಮೊಗ್ಗದ ಕಾಡಿಗೆ ಸುರಿದಿದೆ ಅನ್ನೋ ಆರೋಪ.

ಹಕ್ಕಿಯ ರಕ್ತದಲ್ಲಿ ಮನುಷ್ಯನ ಕಾಯಿಲೆಯ ಸುಳಿವು ಹುಡುಕೋದು ಹೊಸದೇನಲ್ಲ. ಆ ಹುಡುಕಾಟದ ದಾರಿ ನಮ್ಮ ಕಂಟೋನ್ಮೆಂಟಿನ ಮೂಲಕವೂ ಹಾದುಹೋಗುತ್ತೆ. 1883ರಲ್ಲಿ ರೊನಾಲ್ಡ್ ರಾಸ್ ಅನ್ನೋ ಯುವ ಸೇನಾ ವೈದ್ಯ ಬೆಂಗಳೂರು ಕಂಟೋನ್ಮೆಂಟಿಗೆ ಬಂದ. ಅವನ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ನೋಡಿದರೆ ಕಿಟಕಿಯ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬ ಸೊಳ್ಳೆಮರಿ. ತೊಟ್ಟಿ ಬೋರಲು ಹಾಕಿದ, ಸೊಳ್ಳೆ ಕಡಿಮೆ ಆಯ್ತು. ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ಆಗ ಅವನಿಗೂ ಗೊತ್ತಿರಲಿಲ್ಲ. ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿ ಅವನ ಕಣ್ಣಿಗೆ ಬಿದ್ದಿದ್ದು 1897ರಲ್ಲಿ. ಮರುವರ್ಷ ಕಲ್ಕತ್ತೆಯಲ್ಲಿ ಪೂರ್ತಿ ಚಕ್ರವನ್ನ ತೋರಿಸಿದ್ದು ಹಕ್ಕಿಗಳ ಮಲೇರಿಯಾದಲ್ಲಿ: ಕಾಯಿಲೆ ಇರೋ ಗುಬ್ಬಿಯನ್ನ ಕಚ್ಚಿದ ಸೊಳ್ಳೆ ಆರೋಗ್ಯವಾಗಿರೋ ಗುಬ್ಬಿಗೆ ಕಾಯಿಲೆ ದಾಟಿಸುತ್ತೆ ಅಂತ. 1902ರಲ್ಲಿ ನೊಬೆಲ್ ಬಂತು. ಪ್ರಾಣಿಯಿಂದ ಹುಳಕ್ಕೆ, ಹುಳದಿಂದ ಮನುಷ್ಯನಿಗೆ ಅಂತ ಒಂದೊಂದೇ ಕೊಂಡಿ ಹುಡುಕುವ ಕ್ರಮ ಅಲ್ಲಿಂದ ಗಟ್ಟಿಯಾಯ್ತು.

ಐವತ್ತು ವರ್ಷ ಮುಂದೆ ಬನ್ನಿ. ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ 1950ರ ದಶಕದಲ್ಲಿ ಉಷ್ಣವಲಯದ ದೇಶಗಳಲ್ಲಿ ಪ್ರಯೋಗಾಲಯಗಳನ್ನ ತೆರೆಯಿತು. ಬ್ರೆಜಿಲಿನ ಬೆಲೆಮ್, ಟ್ರಿನಿಡಾಡ್, ಆಫ್ರಿಕಾ, ನಮ್ಮಲ್ಲಿ ಪುಣೆ. ಪುಣೆಯ ವೈರಸ್ ರಿಸರ್ಚ್ ಸೆಂಟರ್ ಶುರುವಾಗಿದ್ದು 1952ರಲ್ಲಿ, ಐಸಿಎಂಆರ್ ಜೊತೆ ಸೇರಿ. ಇವತ್ತಿನ ಎನ್‌ಐವಿ ಅದೇ. ಕೆಲಸ ಏನು ಅಂದ್ರೆ, ಸೊಳ್ಳೆ, ಉಣುಗಿನಂಥ ಹುಳಗಳ ಮೂಲಕ ಹರಡುವ, ಇನ್ನೂ ಹೆಸರೇ ಇಲ್ಲದ ವೈರಸ್‌ಗಳನ್ನ ಹುಡುಕೋದು. ಹಕ್ಕಿ, ಇಲಿ, ಮಂಗ, ದನ, ಮನುಷ್ಯ, ಎಲ್ಲರ ರಕ್ತ ತೆಗೆಯೋದು, ಹುಳ ಅರೆಯೋದು, ಅದನ್ನ ಹಾಲು ಕುಡಿಯೋ ಇಲಿಮರಿಗಳ ಮಿದುಳಿಗೆ ಚುಚ್ಚಿ ಮರಿ ಸಾಯುತ್ತಾ ಅಂತ ಕಾಯೋದು. ಸತ್ತರೆ ಏನೋ ಸಿಕ್ಕಿದೆ ಅಂತ ಅರ್ಥ. ಸಿಕ್ಕ ವೈರಸ್ಸಿಗೆ ಸಿಕ್ಕಿದ ಊರಿನ ಹೆಸರು. 1963ರಲ್ಲಿ ವೆಲ್ಲೂರಿನ ಕಡೆ ಹಕ್ಕಿಯಲ್ಲಿ ಸಿಕ್ಕ ಒಂದು ವೈರಸ್ಸಿಗೆ ಕಮ್ಮವಾನ್‌ಪೇಟ್ಟೈ ಅಂತಲೇ ಹೆಸರು. ಆ ಊರಿನವರು ಎಷ್ಟು ಜನಕ್ಕೆ ಇದು ಗೊತ್ತೋ ದೇವರೇ ಬಲ್ಲ.

ಆದರೆ ಪುಣೆಯವರು ಹುಡುಕಿಕೊಂಡು ಹೋಗುವ ಮೊದಲೇ ಒಂದು ವೈರಸ್ ತಾನಾಗಿ ಬಾಗಿಲು ಬಡಿಯಿತು.

1957ರ ಮೊದಲ ತಿಂಗಳುಗಳಲ್ಲಿ ಸೊರಬ, ಸಾಗರದ ಕಡೆ ಜನಕ್ಕೆ ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಸೊಂಟ ಮುರಿದಂಥ ನೋವು. ಕೆಲವರಿಗೆ ಮೂಗು, ಒಸಡಿನಲ್ಲಿ ರಕ್ತ. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗ, ಮುಸಿಯಗಳು ಸತ್ತು ಬೀಳ್ತಿದ್ದವು. ಜ್ವರ ಬಂದವರಲ್ಲಿ ಹೆಚ್ಚಿನವರು ಕಾಡಿಗೆ ಸೌದೆ, ಸೊಪ್ಪು, ದರಗು ತರೋಕೆ ಹೋದವರು, ದನ ಕಾಯೋರು. ಮಂಗ ಸಾಯೋದಕ್ಕೂ ಜನ ಮಲಗೋದಕ್ಕೂ ಸಂಬಂಧ ಇದೆ ಅಂತ ಮೊದಲು ಕಂಡುಕೊಂಡವರು ಊರಿನವರೇ. ಸರ್ಕಾರದ ಕಡತಕ್ಕೆ ಹೆಸರು ಸಿಗುವ ಮೊದಲೇ ಅವರ ಬಾಯಲ್ಲಿ ಅದು 'ಮಂಗನ ಕಾಯಿಲೆ' ಆಗಿತ್ತು.

ಪುಣೆಯ ಕೇಂದ್ರಕ್ಕೆ ಆಗ ಟೆಲ್ಫೋರ್ಡ್ ವರ್ಕ್ ನಿರ್ದೇಶಕ. ಮಂಗ ಸಾಯ್ತಿವೆ, ಕಾಡಿಗೆ ಹೋದವರಿಗೆ ರಕ್ತಸ್ರಾವದ ಜ್ವರ ಅನ್ನೋ ಸುದ್ದಿ ಕೇಳಿದ ಕೂಡಲೇ ಅವರಿಗೆ ಹೊಳೆದಿದ್ದು ಹಳದಿ ಜ್ವರ, ಯೆಲ್ಲೋ ಫೀವರ್. ಆಫ್ರಿಕಾ, ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅದು ಕಾಣಿಸಿಕೊಳ್ಳೋದು ಹೀಗೇ. ಭಾರತದಲ್ಲಿ ಹಳದಿ ಜ್ವರ ಇರಲೇ ಇಲ್ಲ. ಆದರೆ ಅದನ್ನ ಹರಡುವ ಈಡಿಸ್ ಸೊಳ್ಳೆ ಊರೂರಲ್ಲೂ ಇದೆ, ಜನಕ್ಕೆ ರೋಗನಿರೋಧಕ ಶಕ್ತಿ ಚೂರೂ ಇಲ್ಲ. ಒಮ್ಮೆ ಒಳಗೆ ಬಂದರೆ ಏನಾಗಬಹುದು ಅಂತ ಯೋಚಿಸಿ. ಹಾಗಾಗಿ ತಂಡ ತಕ್ಷಣ ಹೊರಟು ಬಂತು.

ಮಾರ್ಚ್ ಕೊನೆಯಲ್ಲಿ ಕ್ಯಾಸನೂರು ಕಾಡಿನ ಹತ್ತಿರ ಸತ್ತ ಒಂದು ಮುಸಿಯದಿಂದ ವೈರಸ್ ಸಿಕ್ಕಿತು. ಹಳದಿ ಜ್ವರ ಅಲ್ಲ. ಎಲ್ಲರೂ ಉಸಿರು ಬಿಟ್ಟರು. ಆದರೆ ಪರೀಕ್ಷೆಯಲ್ಲಿ ಕಂಡ ನಂಟಸ್ತಿಕೆ ಅದಕ್ಕಿಂತ ವಿಚಿತ್ರ: ಇದು ರಷ್ಯನ್ ಸ್ಪ್ರಿಂಗ್-ಸಮ್ಮರ್ ಎನ್ಸೆಫಲೈಟಿಸ್ ಅನ್ನೋ ಗುಂಪಿಗೆ ಸೇರಿದ್ದು. ಆ ರಷ್ಯನ್ ವೈರಸ್ಸನ್ನ 1937ರಲ್ಲಿ ಸೋವಿಯತ್ ವಿಜ್ಞಾನಿಗಳು ತಮ್ಮ ದೇಶದ ಪೂರ್ವ ತುದಿಯ ಕಾಡುಗಳಲ್ಲಿ ಕಂಡುಹಿಡಿದಿದ್ದರು. ಸೈಬೀರಿಯಾದ ಓಮ್ಸ್ಕ್ ಕಡೆ ಇನ್ನೊಂದು ಸೋದರ ವೈರಸ್ ಇತ್ತು. ಎಲ್ಲವೂ ಹಿಮ ಬೀಳುವ ನಾಡಿನವು, ಎಲ್ಲವೂ ಉಣುಗಿನಿಂದ ಹರಡುವಂಥವು. ಅಡಿಕೆ ತೋಟದ ನಾಡಿಗೆ ಇದು ಹೇಗೆ ಬಂತು?

ಆ ವರ್ಷ ಸುಮಾರು 466 ಜನಕ್ಕೆ ಕಾಯಿಲೆ ಬಂತು, ಮರುವರ್ಷ 181 ಜನಕ್ಕೆ. ಸಾಗರದಲ್ಲಿ ಕ್ಷೇತ್ರ ಕೇಂದ್ರ ಶುರುವಾಯ್ತು. ಹೆರಾಲ್ಡ್ ಟ್ರಾಪಿಡೋ, ಪಿ.ಕೆ. ರಾಜಗೋಪಾಲನ್ ಮುಂತಾದವರು ಕಾಡು ಅಲೆದರು. ಬಿಳಿ ಬಟ್ಟೆಯನ್ನ ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗೋದು, ಅದಕ್ಕೆ ಅಂಟಿದ ಉಣುಗುಗಳನ್ನ ಆರಿಸಿ ಸೀಸೆಗೆ ತುಂಬೋದು, ಜಾತಿ ಗುರುತಿಸೋದು, ಪುಣೆಗೆ ಕಳಿಸೋದು. ಹಿಮಾಫೈಸಾಲಿಸ್ ಸ್ಪಿನಿಜೆರಾ ಅನ್ನೋ ಉಣುಗು ಮುಖ್ಯ ವಾಹಕ ಅಂತ ಹೀಗೇ ಗೊತ್ತಾಯ್ತು. ಈ ಹುಡುಕಾಟದಲ್ಲಿ ಕೈಸೋಡಿ ಅನ್ನೋ ಇನ್ನೊಂದು ಹೊಸ ವೈರಸ್ಸೂ ಸಿಕ್ಕಿತು, ಅದಕ್ಕೂ ಊರಿನ ಹೆಸರೇ. ಕೆಲಸ ಸುಲಭದ್ದಾಗಿರಲಿಲ್ಲ. ವೈರಸ್ಸಿನ ಜೊತೆ ಕೆಲಸ ಮಾಡ್ತಿದ್ದ ಪ್ರಯೋಗಾಲಯದ ಸಿಬ್ಬಂದಿಗೇ ಜ್ವರ ಹತ್ತಿತ್ತು.

'ಹೇಗೆ ಬಂತು' ಅನ್ನೋ ಪ್ರಶ್ನೆಗೆ ಮಾತ್ರ ಎಲ್ಲರ ಕಣ್ಣು ಆಕಾಶದ ಕಡೆ ಹೋಯ್ತು. ಯೋಚನೆ ಮಾಡಿದರೆ ತರ್ಕ ಸರಿಯಾಗೇ ಇದೆ. ಪ್ರತಿ ವರ್ಷ ಮಳೆಗಾಲ ಮುಗಿಯೋ ಹೊತ್ತಿಗೆ ರಷ್ಯಾ, ಮಧ್ಯ ಏಷ್ಯಾದಿಂದ ಲಕ್ಷಾಂತರ ಹಕ್ಕಿಗಳು ನಮ್ಮ ದೇಶಕ್ಕೆ ಬರುತ್ತವೆ. ಗದ್ದೆ ಬಯಲಲ್ಲಿ ಬಾಲ ಕುಣಿಸೋ ಕುಂಡೆಕುಸುಕದಿಂದ ಹಿಡಿದು ಕೆರೆಯ ಬಾತುಗಳವರೆಗೆ. ರೆಕ್ಕೆಯ ಸಂದಿಯಲ್ಲೋ ಕಿವಿಯ ಹತ್ತಿರವೋ ಒಂದು ಉಣುಗು ಕಚ್ಚಿ ಕೂತಿದ್ದರೆ ಸಾಕಲ್ಲ? ನಮ್ಮ ಕಾಡಿನಲ್ಲಿ ಜ್ವರ ಬರೋದೂ ಡಿಸೆಂಬರಿಂದ ಮೇ ತನಕ, ಹಕ್ಕಿಗಳು ಬಂದ ಮೇಲೆ.

ಪರೀಕ್ಷಿಸಬೇಕು ಅಂದ್ರೆ ಮೊದಲು ಯಾವ ಹಕ್ಕಿ ಎಲ್ಲಿಂದ ಬರುತ್ತೆ ಅಂತ ಗೊತ್ತಾಗಬೇಕು. ಅದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈ ಕೆಲಸ ಹೋಗಿದ್ದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ, ಅಂದ್ರೆ ಸಲೀಂ ಅಲಿ ಅವರ ಹತ್ತಿರ. ಮೈಸೂರು ಸಂಸ್ಥಾನದ ಹಕ್ಕಿಗಳನ್ನ 1939-40ರಲ್ಲೇ ಸಮೀಕ್ಷೆ ಮಾಡಿದ್ದ ಅವರಿಗೆ ನಮ್ಮ ಕಾಡು ಹೊಸದಲ್ಲ. ವಲಸೆ ಹಕ್ಕಿಗಳಿಗೆ ಉಂಗುರ ಹಾಕಬೇಕು ಅನ್ನೋದು ಅವರ ಹಳೇ ಆಸೆ, ದುಡ್ಡಿರಲಿಲ್ಲ. 1959ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಯೋಜನೆ ಶುರುವಾಯ್ತು. ಭರತ್‌ಪುರ, ಕಛ್ ಮುಂತಾದ ಕಡೆ ಬಲೆ ಹಾಕಿ ಹಕ್ಕಿ ಹಿಡಿಯೋದು, ಮೈಮೇಲಿನ ಉಣುಗು ತೆಗೆಯೋದು, ರಕ್ತದ ಮಾದರಿ ತೆಗೆಯೋದು, ಕಾಲಿಗೆ ಬಾಂಬೆ ಸೊಸೈಟಿಗೆ ತಿಳಿಸಿ ಅಂತ ಬರೆದ ಅಲ್ಯುಮಿನಿಯಂ ಉಂಗುರ ಹಾಕಿ ಬಿಡೋದು. ಆ ಉಂಗುರಗಳು ಸೋವಿಯತ್ ಒಕ್ಕೂಟದ ಮೂಲೆಮೂಲೆಗಳಿಂದ ವಾಪಸ್ ಸುದ್ದಿ ತಂದವು. ನಮ್ಮ ಕೆರೆಯ ಬಾತಿನ ಇನ್ನೊಂದು ಮನೆ ಎಲ್ಲಿ ಅಂತ ವಿಳಾಸ ಸಮೇತ ಗೊತ್ತಾಗತೊಡಗಿತು. ಭಾರತದ ದೊಡ್ಡ ಪ್ರಮಾಣದ ಹಕ್ಕಿವಲಸೆ ಅಧ್ಯಯನಕ್ಕೆ ಜೀವ ಬಂದಿದ್ದು ಹೀಗೆ, ಸೊರಬದ ಕಾಡಿನ ಒಂದು ಜ್ವರದಿಂದ.

ಮುಂದೆ 1960ರ ದಶಕದಲ್ಲಿ ಯೋಜನೆಗೆ ದುಡ್ಡು ಬಂದಿದ್ದು ಬೇರೆ ಕಡೆಯಿಂದ. ಎಲಿಯಟ್ ಮೆಕ್ಲೂರ್ ಅನ್ನೋ ಅಮೆರಿಕನ್ ವಿಜ್ಞಾನಿ ಬ್ಯಾಂಕಾಕಿನಲ್ಲಿ ಕೂತು ನಡೆಸ್ತಿದ್ದ 'ಮ್ಯಾಪ್ಸ್' ಅನ್ನೋ ಕಾರ್ಯಕ್ರಮ, ಅಂದ್ರೆ ವಲಸೆ ಪ್ರಾಣಿಗಳ ರೋಗಗಳ ಸಮೀಕ್ಷೆ. ಏಷ್ಯಾದ ಹಲವು ದೇಶಗಳಲ್ಲಿ ಒಟ್ಟು ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳಿಗೆ ಉಂಗುರ ಹಾಕಿದರು. ದುಡ್ಡು ಅಮೆರಿಕದ ಸೇನೆಯದ್ದು. ಅದು ಶೀತಲ ಸಮರದ ಕಾಲ. ಯಾವ ಹಕ್ಕಿ ಯಾವ ದೇಶದಿಂದ ಯಾವ ದೇಶಕ್ಕೆ ಯಾವ ರೋಗ ಒಯ್ಯುತ್ತೆ ಅನ್ನೋ ಮಾಹಿತಿ ಒಂದು ಸೇನೆಗೆ ಯಾಕೆ ಬೇಕು? 1974ರಲ್ಲಿ ಪತ್ರಿಕೆಗಳು ಈ ಪ್ರಶ್ನೆ ಕೇಳಿದವು. ಜೈವಿಕ ಯುದ್ಧದ ತಯಾರಿ ಅನ್ನೋ ಅನುಮಾನ ಎದ್ದಿತು. ಸಂಸತ್ತಿನ ಪಬ್ಲಿಕ್ ಅಕೌಂಟ್ಸ್ ಕಮಿಟಿ ವಿದೇಶಿ ನೆರವಿನ ಸಂಶೋಧನೆಗಳನ್ನೆಲ್ಲ ಜಾಲಾಡಿ 1975ರಲ್ಲಿ ವರದಿ ಕೊಟ್ಟಿತು. ಹಕ್ಕಿ ಯೋಜನೆಯೂ ಅದರಲ್ಲಿತ್ತು. ನನಗನಿಸೋದು, ಪ್ರಶ್ನೆ ನ್ಯಾಯವಾದದ್ದೇ. ಹಾಗಂತ ಬಿಸಿಲಲ್ಲಿ ಬಲೆ ಕಾಯ್ತಾ ಕೂತು ಹಕ್ಕಿಯ ರೆಕ್ಕೆ ಅಳೆದವರನ್ನ ಗೂಢಚಾರರು ಅನ್ನೋಕೆ ನನ್ನ ಮನಸ್ಸು ಒಪ್ಪಲ್ಲ. ದುಡ್ಡು ಕೊಟ್ಟವನ ಉದ್ದೇಶ ಒಂದು, ಕೆಲಸ ಮಾಡಿದವನ ಉದ್ದೇಶ ಇನ್ನೊಂದು ಆಗಿರಬಹುದು. ಐಟಿಯಲ್ಲಿ ಇರೋರಿಗೆ ಇದು ಅರ್ಥವಾಗೋದು ಕಷ್ಟ ಅಲ್ಲ.

ಸರಿ, ಹಕ್ಕಿ ತಪ್ಪಿತಸ್ಥ ಹೌದೋ ಅಲ್ಲವೋ?

ವಲಸೆ ಹಕ್ಕಿಯೇ ರಷ್ಯಾದಿಂದ ಈ ವೈರಸ್ ತಂದಿತು ಅನ್ನೋದಕ್ಕೆ ನೇರ ಸಾಕ್ಷಿ ಸಿಗಲಿಲ್ಲ. ಬದಲಿಗೆ ತನಿಖೆಯ ದಿಕ್ಕು ತಪ್ಪಿಸುವಂಥ ಹಳೇ ದಾಖಲೆ ಒಂದಿತ್ತು. 1952ರಲ್ಲಿ, ಅಂದ್ರೆ ಕ್ಯಾಸನೂರಿಗಿಂತ ಐದು ವರ್ಷ ಮೊದಲೇ, ಪುಣೆಯ ಕೇಂದ್ರ ದೇಶದ ಹಲವು ಕಡೆ ಜನರ ರಕ್ತದ ಮಾದರಿ ಸಂಗ್ರಹಿಸಿತ್ತು. ಅದರಲ್ಲಿ ಸೌರಾಷ್ಟ್ರದ ಕಡೆಯ ಕೆಲವು ಮಾದರಿಗಳಲ್ಲಿ ಇದೇ ರಷ್ಯನ್ ಗುಂಪಿನ ವೈರಸ್ಸಿಗೆ ಪ್ರತಿಕಾಯಗಳು ಕಂಡಿದ್ದವು. ಅಂದ್ರೆ ಈ ಕುಟುಂಬದ ಯಾವುದೋ ಸದಸ್ಯ ಭಾರತದಲ್ಲಿ ಆಗಲೇ ಇದ್ದ. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಅಲ್ಖುರ್ಮಾ ಅನ್ನೋ ವೈರಸ್ ಸಿಕ್ಕಿತು, ನಮ್ಮ ಕ್ಯಾಸನೂರಿನದಕ್ಕೆ ತೀರ ಹತ್ತಿರದ ಸಂಬಂಧಿ. ಇವೆರಡೂ ಬೇರೆಯಾಗಿ ನೂರಾರು ವರ್ಷಗಳೇ ಆಗಿವೆ ಅಂತ ಜೀನೋಮ್ ಅಧ್ಯಯನವೊಂದು ಅಂದಾಜು ಮಾಡಿದೆ. ಯಾವ ಕಾಲದಲ್ಲೋ ಈ ಪೂರ್ವಜ ವೈರಸ್ಸನ್ನ ಹಕ್ಕಿಗಳು ದೂರ ದೂರ ಸಾಗಿಸಿರಬಹುದು ಅನ್ನೋ ಊಹೆ ಇನ್ನೂ ಪೂರ್ತಿ ಬಿದ್ದುಹೋಗಿಲ್ಲ. ಆದರೆ 1957ರಲ್ಲಿ ಯಾಕೆ ಅನ್ನೋದಕ್ಕೆ ಅದು ಉತ್ತರ ಅಲ್ಲ.

ನಮ್ಮ ಕಾಡಿನ ಹಕ್ಕಿಗಳನ್ನೂ ಬಿಡದೆ ಪರೀಕ್ಷೆ ಮಾಡಿದರು. ಕಾಡುಕೋಳಿಯ ಹಾಗೆ ನೆಲದಲ್ಲಿ ಕೆದಕಿ ಮೇಯುವ ಹಕ್ಕಿಗಳ ಮೈಮೇಲೆ ಮರಿ ಉಣುಗುಗಳಿದ್ದವು. ಉಣುಗಿನ ಊಟಕ್ಕೆ, ಒಂದು ಕಡೆಯಿಂದ ಇನ್ನೊಂದು ಕಡೆ ಸಾಗೋದಕ್ಕೆ ಹಕ್ಕಿ ಸಹಾಯ ಮಾಡುತ್ತೆ. ಆದರೆ ವೈರಸ್ ಬೆಳೆಯೋ ಮುಖ್ಯ ಜಾಗ ಮಂಗ ಮತ್ತು ಕಾಡಿನ ಇಲಿ, ಸುಂಡಿಲಿಯಂಥ ಸಣ್ಣ ಪ್ರಾಣಿಗಳು.

ನಿಜವಾದ ಸುಳಿವು ಕೊಟ್ಟಿದ್ದು ಜಾರ್ಜ್ ಬೊಶೆಲ್ ಅನ್ನೋ ಕೊಲಂಬಿಯಾದ ವಿಜ್ಞಾನಿ. ತಮ್ಮ ದೇಶದ ಕಾಡುಗಳಲ್ಲಿ ಹಳದಿ ಜ್ವರದ ಮೇಲೆ ಕೆಲಸ ಮಾಡಿ ಹೆಸರಾಗಿದ್ದವರು, ನಮ್ಮ ಕಡೆ ಬಂದು ವರ್ಷಗಟ್ಟಲೆ ಕಾಡು ನೋಡಿದರು. 1969ರ ಅವರ ಲೇಖನದ ಸಾರಾಂಶ ಇಷ್ಟು: ವೈರಸ್ ಕಾಡಿನೊಳಗೆ ತನ್ನ ಪಾಡಿಗೆ ಇದ್ದಿರಬೇಕು, ಬದಲಾಗಿದ್ದು ಕಾಡು. ಜನ ಹೆಚ್ಚಾದರು, ಕಾಡು ಕಡಿದು ಗದ್ದೆ ತೋಟ ಮಾಡಿದರು, ಕಡಿದ ಅಂಚಿನಲ್ಲಿ ಲಂಟಾನದಂಥ ಪೊದೆ ಬೆಳೆಯಿತು. ದನಗಳು ಮೇಯೋಕೆ ಕಾಡಿಗೆ ಹೋದವು. ಬೆಳೆದ ಉಣುಗಿಗೆ ಬೇಕಾಗಿರೋದೇ ದನದಂಥ ದೊಡ್ಡ ಪ್ರಾಣಿಯ ರಕ್ತ. ಹೊಟ್ಟೆ ತುಂಬ ಕುಡಿದು ಕೆಳಗೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತೆ. ದನಕ್ಕೆ ಕಾಯಿಲೆ ಬರಲ್ಲ, ಆದರೆ ದನ ನಡೆದಲ್ಲೆಲ್ಲ ಉಣುಗಿನ ಬೆಳೆ. ಅದೇ ದಾರಿಯಲ್ಲಿ ನಾವು ದರಗು ಗುಡಿಸೋಕೆ ಹೋಗ್ತೀವಿ.

ಇದು ಬರೀ ಪುಸ್ತಕದ ಮಾತಲ್ಲ ಅಂತ 1983ರಲ್ಲಿ ಗೊತ್ತಾಯ್ತು. ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟಕ್ಕೋಸ್ಕರ ಕಾಡು ಕಡಿದ ಮೇಲೆ ಮಂಗಗಳು ಸತ್ತವು, ಆಮೇಲೆ ಸಾವಿರಕ್ಕೂ ಹೆಚ್ಚು ಜನಕ್ಕೆ ಕಾಯಿಲೆ ಬಂತು. ಅಲ್ಲಿಗೆ ಯಾವ ಹೊಸ ಹಕ್ಕಿಯೂ ಬಂದಿರಲಿಲ್ಲ, ಕೊಡಲಿ ಬಂದಿತ್ತು.

ಹಾಗಂತ ಹಕ್ಕಿಗಳಿಗೆ ಪೂರ್ತಿ ಕ್ಲೀನ್ ಚಿಟ್ ಕೊಡೋಕೂ ಆಗಲ್ಲ. ನಮ್ಮ ಕೆ.ಆರ್.ಪುರ ದಾಟಿ ಹೋಗುವ ಹಳೇ ಮದ್ರಾಸ್ ರಸ್ತೆಯ ಮುಂದೆ ಕೋಲಾರ ಜಿಲ್ಲೆಯಲ್ಲಿ 1970ರ ದಶಕದ ಕೊನೆಗೆ ಜಪಾನೀಸ್ ಎನ್ಸೆಫಲೈಟಿಸ್ ಅನ್ನೋ ಮಿದುಳು ಜ್ವರ ಮಕ್ಕಳನ್ನ ಕಾಡಿತು. ಆ ವೈರಸ್ ಬೆಳ್ಳಕ್ಕಿ, ಕೊಕ್ಕರೆ ಜಾತಿಯ ಹಕ್ಕಿಗಳಲ್ಲಿ, ಹಂದಿಗಳಲ್ಲಿ ಬೆಳೆಯುತ್ತೆ, ಸೊಳ್ಳೆ ಅದನ್ನ ಮನುಷ್ಯರಿಗೆ ದಾಟಿಸುತ್ತೆ. 2012ರಲ್ಲಿ ಹೆಸರಘಟ್ಟದ ಸರ್ಕಾರಿ ಕೋಳಿ ಸಾಕಣೆ ಕೇಂದ್ರದ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಕಾಣಿಸಿದಾಗ ಶಿವಾಜಿನಗರದ ರಸೆಲ್ ಮಾರ್ಕೆಟಿನ ಕಡೆ ಕೋಳಿ ತಗೊಳ್ಳೋಕೂ ಜನ ಹಿಂದೆ ಮುಂದೆ ನೋಡ್ತಿದ್ದರು. ಆದರೆ ಅಲ್ಲೂ ಗಮನಿಸಿ: ಗದ್ದೆಯ ನಿಂತ ನೀರು, ಹಂದಿ ಗೂಡು, ಒಂದೇ ಸೂರಿನಡಿ ಸಾವಿರಾರು ಕೋಳಿ. ಹಕ್ಕಿ ವೈರಸ್ ತಂದರೂ ಅದು ಹಬ್ಬೋದಕ್ಕೆ ಜಾಗ ಮಾಡಿಕೊಟ್ಟವರು ನಾವು.

ಆಫೀಸಿನಲ್ಲಿ ರಾತ್ರಿ ಸರ್ವರ್ ಬಿದ್ದರೆ ನಾವು ಮೊದಲು ಬೈಯೋದು ಹೊರಗಿನ ವೆಂಡರನ್ನ. ಬೆಳಿಗ್ಗೆ ಲಾಗ್ ತೆಗೆದು ನೋಡಿದರೆ ಹಿಂದಿನ ಸಂಜೆ ನಮ್ಮಲ್ಲೇ ಯಾರೋ ಒಂದು ಕಾನ್ಫಿಗರೇಷನ್ ಬದಲಾಯಿಸಿರ್ತಾರೆ. ಮಂಗನ ಕಾಯಿಲೆಯ ಇತಿಹಾಸ ಓದ್ತಾ ನನಗೆ ಅದೇ ನೆನಪಾಯ್ತು. ವೈರಸ್ ಎಲ್ಲಿಂದ ಬಂತು ಅಂತ ಕೇಳಿದಷ್ಟು ಜೋರಾಗಿ ಇಲ್ಲಿ ಏನು ಬದಲಾಯ್ತು ಅಂತ ನಾವು ಕೇಳಲಿಲ್ಲ. ಎರಡನೇ ಪ್ರಶ್ನೆಯ ಉತ್ತರ ನಮ್ಮ ಗದ್ದೆ, ತೋಟ, ದನ, ಗೇರು, ರಸ್ತೆ ಎಲ್ಲವನ್ನೂ ಮುಟ್ಟುತ್ತೆ. ಹಕ್ಕಿಯ ಮೇಲೆ ಹಾಕೋದು ಸುಲಭ.

ಈ ಕತೆಯಲ್ಲಿ ಹಕ್ಕಿಗೆ ಇನ್ನೊಂದು ಪಾತ್ರವೂ ಇದೆ. ಮೊದಲು ರಷ್ಯನ್ ಕಾಯಿಲೆಯ ಲಸಿಕೆಯನ್ನೇ ನಮ್ಮ ಜನಕ್ಕೆ ಕೊಟ್ಟು ನೋಡಿದರು, ಪ್ರಯೋಜನ ಆಗಲಿಲ್ಲ. ಆಮೇಲೆ 1960ರ ದಶಕದಲ್ಲಿ ಪುಣೆಯವರು ಕ್ಯಾಸನೂರು ವೈರಸ್ಸಿನಿಂದಲೇ ಲಸಿಕೆ ಮಾಡಿದರು. ಅದನ್ನ ಬೆಳೆಸಿದ್ದು ಕೋಳಿಮೊಟ್ಟೆಯೊಳಗಿನ ಭ್ರೂಣದ ಜೀವಕೋಶಗಳಲ್ಲಿ. ಮುಂದೆ ಅದು ನಮ್ಮ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗಿ ನಮ್ಮೂರಿಗೆ ಬರುತ್ತಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ತಗೊಂಡಿದ್ದೀನಿ, ತೋಳು ಎರಡು ದಿನ ಎತ್ತೋಕೆ ಆಗಿರಲಿಲ್ಲ. 2005ರಿಂದ 2010ರ ತನಕದ ಅಂಕಿಅಂಶ ನೋಡಿದ ಒಂದು ಅಧ್ಯಯನದ ಪ್ರಕಾರ ಎರಡು ಡೋಸಿಗೆ ಸುಮಾರು 62%, ಬೂಸ್ಟರ್ ಸೇರಿದರೆ ಸುಮಾರು 83% ರಕ್ಷಣೆ. ಅಷ್ಟೇನೂ ದೊಡ್ಡ ಲಸಿಕೆ ಅಲ್ಲ, ಆದರೆ ಇದ್ದದ್ದು ಅದೊಂದೇ. ಅದರ ಶಕ್ತಿ ಕುಂದಿದೆ ಅಂತಾಗಿ 2022ರಲ್ಲಿ ಅದೂ ನಿಂತಿತು. ಹೊಸ ಲಸಿಕೆಯ ಕೆಲಸವನ್ನ ಐಸಿಎಂಆರ್ ಕೈಗೆತ್ತಿಕೊಂಡಿದೆ.

ಈ ನಡುವೆ ಕಾಯಿಲೆ ಸುಮ್ಮನೆ ಕೂತಿಲ್ಲ. 2012ರ ನಂತರ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದ ತನಕ ಪಶ್ಚಿಮಘಟ್ಟದ ಉದ್ದಕ್ಕೂ ಕಾಣಿಸಿಕೊಂಡಿದೆ. 2019ರ ಆರಂಭದಲ್ಲಿ ನಮ್ಮ ತಾಲೂಕಿನ ಅರಳಗೋಡಿನಲ್ಲಿ ಹಲವರು ತೀರಿಕೊಂಡರು. ಅದೇ ಸಮಯದಲ್ಲಿ ನನ್ನ ದೊಡ್ಡಪ್ಪನ ಮಗ ಜ್ವರ ಮೈಯಲ್ಲಿಟ್ಟುಕೊಂಡೇ ರಾತ್ರಿ ಬಸ್ ಹತ್ತಿ ನಮ್ಮನೆಗೆ ಬಂದ. ಈ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದೆ. ಡೆಂಗಿ ಟೆಸ್ಟ್ ಮಾಡಿದರು, ನೆಗೆಟಿವ್ ಬಂತು, ವೈರಲ್ ಫೀವರ್ ಅಂದ್ರು, ಮಾತ್ರೆ ಕೊಟ್ಟು ಕಳಿಸಿದರು. ಯಾವೂರು, ಕಾಡಿಗೆ ಹೋಗಿದ್ರಾ, ಮಂಗ ಸತ್ತಿತ್ತಾ ಅಂತ ಯಾರೂ ಕೇಳಲಿಲ್ಲ. ಅದಕ್ಕಿಂತ ಬೇಸರದ ವಿಷಯ ಅಂದ್ರೆ ನಾನೂ ಹೇಳಲಿಲ್ಲ. ಬೆಂಗಳೂರಿನ ಎಸಿ ರೂಮಿನಲ್ಲಿ ಕೂತು ಮಂಗನ ಕಾಯಿಲೆ ಅನ್ನೋ ಪದ ಬಾಯಿಗೆ ಬರಲಿಲ್ಲ. ಮೂರನೇ ದಿನ ಅಮ್ಮ ಫೋನಿನಲ್ಲಿ ಬೈದ ಮೇಲೆ ಮತ್ತೆ ಕರ್ಕೊಂಡು ಹೋಗಿ ಹೇಳಿದೆ. ಅವನು ಉಳಿದ. ಪೂರ್ತಿ ಸುಧಾರಿಸೋಕೆ ತಿಂಗಳುಗಳೇ ಬೇಕಾದವು.

ಅದಕ್ಕೇ ಇದನ್ನೆಲ್ಲ ಬರೀತಿದೀನಿ. ಡಿಸೆಂಬರಿಂದ ಮೇ ತನಕ ನಮ್ಮ ಕಡೆ ಹೋಂಸ್ಟೇ, ಟ್ರೆಕ್ಕಿಂಗ್ ಅಂತ ನೀವೂ ಬರ್ತೀರಿ. ಬನ್ನಿ. ತುಂಬುತೋಳಿನ ಅಂಗಿ, ಪ್ಯಾಂಟು ಹಾಕ್ಕೊಳ್ಳಿ. ಊರಿನವರು ಎಣ್ಣೆ ಕೊಟ್ಟರೆ ನಗಬೇಡಿ, ಕೈಕಾಲಿಗೆ ಹಚ್ಚಿಕೊಳ್ಳಿ, ಅದು ಉಣುಗು ಹತ್ತದಿರಲಿ ಅಂತ ಕೊಡೋದು. ವಾಪಸ್ ಬಂದು ಬಿಸಿನೀರು ಸ್ನಾನ ಮಾಡಿ, ಬಟ್ಟೆ ಒಗೆಯೋಕೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಿ ಫೋಟೋ ತೆಗೆಯದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಬೆಂಗಳೂರಿಗೆ ಬಂದ ಮೇಲೆ ಒಂದೆರಡು ವಾರದೊಳಗೆ ಜ್ವರ ಬಂದರೆ ಡಾಕ್ಟರ್ ಕೇಳದಿದ್ದರೂ ಎಲ್ಲಿಗೆ ಹೋಗಿದ್ದೆ ಅಂತ ನೀವೇ ಹೇಳಿ.

ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆ ಕೊನೆಗೂ ಬಲೆ ಹಾಕಿಸಿದರು. ನಾನೂ ಪಾಲು ಕೊಟ್ಟೆ, ಪಾರಿವಾಳದ ಹಿಕ್ಕೆ ಗುಡಿಸಿ ಹೆಂಡತಿಗೂ ಸಾಕಾಗಿತ್ತು. ಆ ಸಲ ಊರಿಗೆ ಹೋದಾಗ ಮಗುನ ತೋಟದಾಚೆ ಬಿಡಲಿಲ್ಲ. ಗದ್ದೆಯ ಬದುವಿನ ಮೇಲೆ ಒಂದು ಕುಂಡೆಕುಸುಕ ಬಾಲ ಕುಣಿಸ್ತಾ ಓಡಾಡ್ತಿತ್ತು. ಮಗು "ಅಪ್ಪಾ, ಅದು ಯಾವೂರಿಂದ ಬಂದಿದೆ?" ಅಂತ ಕೇಳಿತು. "ತುಂಬಾ ದೂರದಿಂದ" ಅಂದೆ. ನಮಗೆ ಅಷ್ಟಾದರೂ ಗೊತ್ತಿರೋದು ಇದೇ ಸೀಮೆಯ ಒಂದು ಜ್ವರದಿಂದ ಅಂತ ಅವನಿಗೆ ದೊಡ್ಡವನಾದ ಮೇಲೆ ಹೇಳ್ತೀನಿ.